ತಾಳ ತಪ್ಪಿದ ನಾಡಿಗೆ ಆರ್ಟೀರಿಯಲ್ ಲೈನ್ ಹಾಕುವುದು ಹೇಗೆ?

ಆರ್ಟೀರಿಯಲ್ ಲೈನ್ ಅಂದರೆ ಬಿಪಿಯನ್ನು ಬಡಿತ ಬಡಿತಕ್ಕೂ ಅಳೆಯಲು ಮಣಿಕಟ್ಟಿನ ಆರ್ಟರಿಯೊಳಗೆ (ಹೃದಯದಿಂದ ರಕ್ತ ಒಯ್ಯುವ ನಾಳ) ಇಡುವ ಸಣ್ಣ ಕೊಳವೆ. ಅದನ್ನು ಹಾಕಲು ಪರದಾಡುವುದನ್ನು ಬಳ್ಳಾರಿಯ ಐಸಿಯುಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಸಿರುಗುಪ್ಪದಿಂದಲೋ ಸಂಡೂರಿನಿಂದಲೋ ಬಂದ ರೋಗಿ. ರುಮ್ಯಾಟಿಕ್ ಕಾಯಿಲೆಯಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿ ಎದೆಬಡಿತ ತಾಳ ತಪ್ಪಿದೆ, ಬಿಪಿ ಕುಸಿದಿದೆ. ಕಿರಿಯ ವೈದ್ಯರು ಬೆರಳಿಗೆ ಸಿಕ್ಕ ನಾಡಿ ನಂಬಿ ಚುಚ್ಚುತ್ತಾರೆ. ಸಿಗುವುದಿಲ್ಲ. ನಾಲ್ಕನೇ ಸಲಕ್ಕೆ ಮಣಿಕಟ್ಟು ಕಂದುಗಟ್ಟಿರುತ್ತದೆ.

ಎಎಫ್ (ಏಟ್ರಿಯಲ್ ಫಿಬ್ರಿಲೇಶನ್, ಎದೆಬಡಿತ ಹೀಗೆ ತಾಳ ತಪ್ಪುವ ತೊಂದರೆ) ಇದ್ದಾಗ ಒಂದು ಬಡಿತ ಜೋರಾಗಿರುತ್ತದೆ, ಮುಂದಿನದು ಬೆರಳಿಗೆ ತಟ್ಟುವುದೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರೇ ಇವರಲ್ಲಿ ಜಾಸ್ತಿ. ತಪ್ಪಿ ಚುಚ್ಚಿದ ಕಡೆಯೆಲ್ಲ ಒಳಗೆ ರಕ್ತ ತುಂಬಿ ಊದುತ್ತದೆ. ಇಂಥವರಿಗೆ ಮೊದಲ ಚುಚ್ಚಿಗೇ ಅಲ್ಟ್ರಾಸೌಂಡ್ ಹಿಡಿಯಿರಿ, ಸೋತ ಮೇಲಲ್ಲ.

ತಯಾರಿ: ಮಣಿಕಟ್ಟಿನ ಕೆಳಗೆ ಸಣ್ಣ ಟವೆಲ್ ಸುರುಳಿ ಇಡಿ. ಕೈಯನ್ನು ತೀರಾ ಹಿಂದಕ್ಕೆ ಬಗ್ಗಿಸಿದರೆ ಆರ್ಟರಿ ಚಪ್ಪಟೆಯಾಗುತ್ತದೆ. ಅಲ್ಟ್ರಾಸೌಂಡ್ ಪ್ರೋಬಿಗೆ (ಚರ್ಮದ ಮೇಲೆ ಹಿಡಿಯುವ ಭಾಗ) ಸ್ಟೆರೈಲ್ (ರೋಗಾಣುಮುಕ್ತ) ಕವರ್, ಸ್ಟೆರೈಲ್ ಜೆಲ್ ಬಳಸಿ. ವಾರ್ಡಿನಲ್ಲಿ ತೆರೆದಿಟ್ಟ ಜೆಲ್ ಬಾಟಲಿ ಬೇಡವೇ ಬೇಡ. ಎಚ್ಚರವಿರುವವರಿಗೆ ಚುಚ್ಚುವ ಜಾಗ ಮರಗಟ್ಟಲು ಲಿಗ್ನೊಕೇನ್ ಕೊಡಿ.

ಹುಡುಕುವುದು: ಲೀನಿಯರ್ (ನೇರ ಮುಖದ) ಪ್ರೋಬನ್ನು ಆರ್ಟರಿಗೆ ಅಡ್ಡ ಹಿಡಿಯಿರಿ. ಆರ್ಟರಿ ಸುಮಾರು 2 ಮಿ.ಮೀ. ಅಗಲದ ಕಪ್ಪು ವೃತ್ತ. ಮೆಲ್ಲಗೆ ಒತ್ತಿದರೆ ವೇನ್ (ಹೃದಯಕ್ಕೆ ರಕ್ತ ಮರಳಿಸುವ ನಾಳ) ಮುಚ್ಚಿಕೊಳ್ಳುತ್ತದೆ, ಆರ್ಟರಿ ಮಿಡಿಯುತ್ತದೆ. ಎರಡು ಬಡಿತ ನೋಡಿ ತೀರ್ಮಾನಿಸಬೇಡಿ, ಹತ್ತು ಹದಿನೈದು ಸೆಕೆಂಡ್ ಕಾಯಿರಿ. ಬಿಪಿ ತೀರಾ ಕಡಿಮೆಯಿದ್ದರೆ ಆರ್ಟರಿಯೂ ಒತ್ತಿಗೆ ಮುಚ್ಚಿಕೊಳ್ಳಬಹುದು. ಆಗ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ ನೋಡಿ.

ಚುಚ್ಚುವುದು: ಎಲ್ಲರೂ ಎಡವುವುದು ಇಲ್ಲೇ. ಸ್ಕ್ರೀನಿನಲ್ಲಿ ಕಾಣುವ ಬಿಳಿ ಚುಕ್ಕೆ ಸೂಜಿಯ ತುದಿಯೇ ಅಂತ ನಂಬಬೇಡಿ. ಸೂಜಿಯ ನಡುಭಾಗವೂ ಹಾಗೇ ಕಾಣುತ್ತದೆ. ಪ್ರೋಬನ್ನು ಮೊಣಕೈ ಕಡೆಗೆ ಒಂದೆರಡು ಮಿ.ಮೀ. ಜರುಗಿಸಿ. ಚುಕ್ಕೆ ಮಾಯವಾದರೆ ನೀವು ನೋಡಿದ್ದು ತುದಿಯನ್ನೇ. ಮಾಯವಾಗದಿದ್ದರೆ ತುದಿ ಆಗಲೇ ಮುಂದೆ ಹೋಗಿದೆ, ಸೂಜಿ ನೂಕಬೇಡಿ. ಚುಕ್ಕೆ ಹೋಗುವವರೆಗೆ ಪ್ರೋಬ್ ಜರುಗಿಸಿ. ಆಮೇಲೆ ಚುಕ್ಕೆ ಮತ್ತೆ ಕಾಣುವವರೆಗೆ ಸೂಜಿ ಮುಂದೆ. ಹೀಗೆ ಪ್ರೋಬ್ ಒಂದು ಹೆಜ್ಜೆ, ಸೂಜಿ ಒಂದು ಹೆಜ್ಜೆ.

ಚುಕ್ಕೆ ಕಪ್ಪು ವೃತ್ತದ ನಡುವೆ ಬಂತು, ರಕ್ತವೂ ಕಂಡಿತು. ಇಲ್ಲಿ ಖುಷಿಯಾಗಿ ಕ್ಯಾನುಲಾ (ಸೂಜಿಯ ಮೇಲೆ ಕೂತಿರುವ ಪ್ಲಾಸ್ಟಿಕ್ ಕೊಳವೆ) ತಳ್ಳಿದವರೇ ಹೆಚ್ಚು ಸೋಲುತ್ತಾರೆ. ಸೂಜಿ ತುದಿ ಒಳಗಿದ್ದರೂ ಕ್ಯಾನುಲಾದ ಬಾಯಿ ಇನ್ನೂ ಹೊರಗೇ ಇರಬಹುದು. ಸೂಜಿಯನ್ನು ಸ್ವಲ್ಪ ಮಲಗಿಸಿ. ಚುಕ್ಕೆಯನ್ನು ವೃತ್ತದ ನಡುವೆಯೇ ಇಟ್ಟುಕೊಂಡು ಇನ್ನೂ ಮೂರು ನಾಲ್ಕು ಹೆಜ್ಜೆ ಹೋಗಿ. ಆಮೇಲೆ ಕ್ಯಾನುಲಾ ಎಣ್ಣೆ ಹಚ್ಚಿದಂತೆ ಜಾರಬೇಕು. ತಡೆದರೆ ಬಲ ಹಾಕಬೇಡಿ. ಸೂಜಿ ತೆಗೆದು ಐದು ಹತ್ತು ನಿಮಿಷ ಒತ್ತಿ ಹಿಡಿಯಿರಿ, ಇನ್ನೊಂದು ಕೈ ನೋಡಿ.

ಆರ್ಟೀರಿಯಲ್ ಕ್ಯಾನುಲಾ ಇಲ್ಲ ಅಂತ ಮೇಲೆ ಔಷಧ ಕೊಡುವ ಮುಚ್ಚಳವಿರುವ ಮಾಮೂಲಿ ಐವಿ ಕ್ಯಾನುಲಾ (ವೇನ್‌ಗೆ ಹಾಕುವಂಥದ್ದು) ಹಾಕುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ. ರಾತ್ರಿ ಪಾಳಿಯಲ್ಲಿ ಯಾರಾದರೂ ಅದರಲ್ಲಿ ಔಷಧ ಕೊಟ್ಟರೆ ಬೆರಳುಗಳೇ ಹೋಗಬಹುದು. ಯಾವ ಲೈನ್ ಆದರೂ ಕೆಂಪು ಲೇಬಲ್ ಅಂಟಿಸಿ.

ಕೊನೆಗೆ: ಫ್ಲಶ್ ಚೀಲಕ್ಕೆ (ಲೈನ್ ಕಟ್ಟಿಕೊಳ್ಳದಂತೆ ಸಲೈನ್ ಹರಿಸುವ ಚೀಲ) 300 mmHg ಒತ್ತಡ ಕೊಡಿ, ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರನ್ನು ಹೃದಯದ ಮಟ್ಟಕ್ಕಿಟ್ಟು ಝೀರೋ ಮಾಡಿ (ಹೊರಗಿನ ಗಾಳಿಯ ಒತ್ತಡವನ್ನು ಸೊನ್ನೆಗೆ ಹೊಂದಿಸಿ). ಎಎಫ್‌ನಲ್ಲಿ ಬಿಪಿಯ ಮೇಲಿನ ಅಂಕಿ ಬಡಿತ ಬಡಿತಕ್ಕೂ ಬದಲಾಗುತ್ತದೆ. ಬಿಪಿ ಔಷಧ ಏರಿಸುವಾಗ, ಇಳಿಸುವಾಗ ಮೀನ್ ಪ್ರೆಶರ್ (ಸರಾಸರಿ ಒತ್ತಡ) ನೋಡಿ.