ಚಿತ್ರದಲ್ಲಿ ಏನಿದೆ ಎಂದು ಕೇಳಿದಳು

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಕೇಳಿ ಓದುವಂತೆ ಸಿದ್ಧಪಡಿಸುವುದು ನನ್ನ ಕೆಲಸ. ಮೊದಮೊದಲು ಪುಟಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಕಳುಹಿಸಿದರೆ ಸಾಕು ಎಂದುಕೊಂಡಿದ್ದೆ. ಅದು ಬರೀ ಛಾಯಾಚಿತ್ರ. ಕಂಪ್ಯೂಟರ್ ಪರದೆಯ ಬರಹವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಕ್ಕೆ ಅದರಲ್ಲಿ ಒಂದಕ್ಷರವೂ ಸಿಗಲಿಲ್ಲ. ಹಳೆಯ ಫಾಂಟ್‌ಗಳ ಕಡತಗಳದ್ದು ಇನ್ನೊಂದು ಪಾಡು. ನೋಡಲು ಅಚ್ಚುಕಟ್ಟಾದ ಕನ್ನಡ, ಒಳಗೆಲ್ಲ ರೋಮನ್ ಅಕ್ಷರಗಳ ಸಂಕೇತ. ಎಲ್ಲ ಭಾಷೆಗಳ ಅಕ್ಷರಗಳಿಗೂ ಅವುಗಳದ್ದೇ ಸಂಕೇತವಿರುವ ಯೂನಿಕೋಡ್‌ಗೆ ಬದಲಿಸುವ ತನಕ ತಂತ್ರಾಂಶದ ಬಾಯಲ್ಲಿ ಬರುವುದು ಅರ್ಥವಿಲ್ಲದ ಸದ್ದು.

ಈಗ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಒಸಿಆರ್ ತಂತ್ರಾಂಶದಿಂದ ಅಕ್ಷರಗಳನ್ನು ತೆಗೆದು ಸಾಲುಸಾಲಾಗಿ ಕರಡು ತಿದ್ದುತ್ತೇನೆ. ಹೆಚ್ಚು ಹೊತ್ತು ಹಿಡಿಯುವುದು ಇದೇ. ಒಮ್ಮೆ ‘ಧನ ವಿದ್ಯುದಾವೇಶ’ ಎಂಬುದು ‘ದನ ವಿದ್ಯುದಾವೇಶ’ ಆಗಿತ್ತು. ಅಚ್ಚಿನಲ್ಲಿ ಓದುವವರು ಸಣ್ಣ ಗೆರೆಯೊಂದು ಹಾರಿಹೋಗಿದೆ ಎಂದು ಊಹಿಸಿಕೊಂಡಾರು. ಆ ಪದವನ್ನು ಮೊದಲ ಸಲ ಕೇಳುತ್ತಿರುವ ಮಗು ಅದನ್ನೇ ಸರಿ ಎಂದು ಕಲಿತುಬಿಡುತ್ತದೆ.

ನನಗೆ ನಿಜವಾದ ಪಾಠ ಕಲಿಸಿದ್ದು ಹೃದಯದ ಚಿತ್ರ. ಅದರ ಜಾಗದಲ್ಲಿ ‘ಮಾನವ ಹೃದಯದ ಚಿತ್ರ’ ಎಂದಷ್ಟೇ ಬರೆದಿದ್ದೆ. ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿ, “ಚಿತ್ರ ಇದೆ ಅಂತ ಗೊತ್ತಾಯಿತು. ಅದರಲ್ಲಿ ಏನಿದೆ?” ಎಂದು ಕೇಳಿದಳು. ಉತ್ತರಿಸಲಾಗದೆ ನಾಚಿಕೆಯಾಯಿತು. ಅಂದೇ ಕುಳಿತು ತಿದ್ದಿದೆ: ದೇಹದಿಂದ ಬಂದ ರಕ್ತ ಬಲ ಹೃತ್ಕರ್ಣವನ್ನು ಸೇರಿ, ಕೆಳಗಿನ ಬಲ ಹೃತ್ಕುಕ್ಷಿಗೆ ಇಳಿದು, ಶ್ವಾಸಕೋಶಗಳಿಗೆ ಹೋಗುತ್ತದೆ, ಅಲ್ಲಿಂದ ಎಡ ಹೃತ್ಕರ್ಣಕ್ಕೆ ಮರಳಿ, ಎಡ ಹೃತ್ಕುಕ್ಷಿಯ ಮೂಲಕ ಮಹಾಪಧಮನಿಗೆ. ಬಾಣದ ಗುರುತುಗಳು ಹೇಳುತ್ತಿದ್ದುದು ಇಷ್ಟೇ. ಬಣ್ಣ, ಚೌಕಟ್ಟುಗಳ ವರ್ಣನೆಯನ್ನು ಬಿಟ್ಟೆ.

ಅಚ್ಚಿನ ಪುಟಸಂಖ್ಯೆಗಳನ್ನೂ ಕಡತದಲ್ಲಿ ಗುರುತು ಹಾಕುತ್ತೇನೆ. ಶಿಕ್ಷಕರು “42ನೆಯ ಪುಟ ತೆಗೆಯಿರಿ” ಎಂದಾಗ ಪಕ್ಕದವರನ್ನು ಕೇಳುತ್ತ ಕೂರಬೇಕಾಗಬಾರದು.

ಹೊಸ ಪುಸ್ತಕ ಕೈಗೆತ್ತಿಕೊಳ್ಳುವ ಮೊದಲು ಬೇರೆ ಯಾರಾದರೂ ಅದನ್ನು ಮಾಡಿದ್ದಾರೆಯೇ ಎಂದು ವಿಚಾರಿಸುತ್ತೇನೆ. 2013ರಲ್ಲಿ ಅಂಗೀಕಾರವಾಗಿ 2016ರಲ್ಲಿ ಜಾರಿಗೆ ಬಂದ, ಕಣ್ಣು ಕಾಣದವರ ಓದಿಗಾಗಿ ಕೃತಿಸ್ವಾಮ್ಯದಲ್ಲಿ ವಿನಾಯಿತಿ ಕೊಡುವ ಅಂತರರಾಷ್ಟ್ರೀಯ ಮರಾಕೇಶ್ ಒಪ್ಪಂದದಿಂದಾಗಿ, ಅದಕ್ಕೆ ಸೇರಿದ ದೇಶಗಳ ಅಧಿಕೃತ ಸಂಸ್ಥೆಗಳು ಇಂಥ ಪ್ರತಿಗಳನ್ನು ಗಡಿಯಾಚೆಗೂ ಹಂಚಿಕೊಳ್ಳಬಹುದು. ಒಂದೇ ಪುಸ್ತಕಕ್ಕೆ ನಾಲ್ಕು ಕಡೆ ನಾಲ್ವರು ಹೆಣಗುವುದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಹಿಂದೆ ಇಡೀ ಪುಸ್ತಕ ಮುಗಿಯುವ ತನಕ ಕಳುಹಿಸುತ್ತಿರಲಿಲ್ಲ. ಅಷ್ಟರಲ್ಲಿ ತರಗತಿಯಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. ಈಗ ಅಧ್ಯಾಯ ಸಿದ್ಧವಾದಂತೆ ಕಳುಹಿಸುತ್ತೇನೆ. ಬ್ರೈಲ್ ಬಲ್ಲವರಿಗೆ ಗಣಿತದ ಸೂತ್ರಗಳನ್ನು ಬ್ರೈಲ್‌ನಲ್ಲೂ ಕೊಡುತ್ತೇನೆ. ಉದ್ದನೆಯ ಸಮೀಕರಣವನ್ನು ಕೇಳಿ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಕಷ್ಟ. ಬೆರಳ ತುದಿಯಲ್ಲಿದ್ದರೆ ಎಲ್ಲಿ ಬೇಕೋ ಅಲ್ಲಿಗೆ ಹಿಂದಿರುಗಿ ಮತ್ತೆ ಓದಬಹುದು.