ತುಂಬಿಕೊಳ್ಳುವ ಬಾಲ್ ಮಿಲ್ಲಿಗೆ 41 ನಿಯಮಗಳು: ನನ್ನ ಅನುಭವ

ಸಿಮೆಂಟ್ ಬಾಲ್ ಮಿಲ್ಲಿನ (ಒಳಗೆ ಗುಂಡುಗಳು ಉರುಳಿ ಮಾಲನ್ನು ಪುಡಿ ಮಾಡುವ, ತಿರುಗುವ ಡ್ರಮ್) ಫೀಡನ್ನು, ಅಂದರೆ ಒಳಗೆ ಹೋಗುವ ಮಾಲಿನ ಪ್ರಮಾಣವನ್ನು, ಕಂಪ್ಯೂಟರಿನ ಕೈಗೆ ಕೊಟ್ಟು ಎಂಟು ತಿಂಗಳಾಯಿತು. ‘ಮಿಲ್ ನಡೆಸೋದು ಕಿವಿಯ ಕೆಲಸ, ಕಂಪ್ಯೂಟರಿಗೆ ಆಗೋದಲ್ಲ’ ಅಂದವರೇ ಈಗ ರಾತ್ರಿ ಪಾಳಿಯಲ್ಲಿ ಆಟೋ ತೆಗೆಯಲು ಬಿಡುವುದಿಲ್ಲ. ಎರಡು ಚೇಂಬರ್‌ನ, ಸೆಪರೇಟರ್ ಇರುವ ಕ್ಲೋಸ್ಡ್ ಸರ್ಕ್ಯೂಟ್ ಮಿಲ್ ಇದು: ಹೊರಬಂದ ಮಾಲನ್ನು ಎಲಿವೇಟರ್ ಮೇಲೆತ್ತುತ್ತದೆ, ಸೆಪರೇಟರ್ ನುಣುಪಾದದ್ದನ್ನು ಬೇರ್ಪಡಿಸಿ ದಪ್ಪದ್ದನ್ನು (ರಿಜೆಕ್ಟ್) ಮಿಲ್ಲಿಗೇ ಮರಳಿಸುತ್ತದೆ. ಮೋಟರ್ 1,800 ಕಿಲೋವ್ಯಾಟ್. ಮೊದಲು ಗಂಟೆಗೆ ಸುಮಾರು 50 ಟನ್ ಕೊಡುತ್ತಿತ್ತು, ಈಗ 53.5ರ ಆಸುಪಾಸು. ಮಿಲ್ ಮೋಟರ್ ಒಂದರದೇ ವಿದ್ಯುತ್ ಟನ್ನಿಗೆ 32 ಯೂನಿಟ್ ಇದ್ದದ್ದು 30ಕ್ಕೆ ಬಂದಿದೆ. ತಿಂಗಳಿಗೆ ಮೂರ್ನಾಲ್ಕು ಸಲ ತುಂಬಿಕೊಂಡು ನಿಲ್ಲುತ್ತಿದ್ದ ಮಿಲ್ ಕಳೆದ ಐದು ತಿಂಗಳಲ್ಲಿ ಒಮ್ಮೆ ಮಾತ್ರ ನಿಂತಿದೆ.

ಅಳತೆಯನ್ನು ಗುರಿಯತ್ತ ಎಳೆಯುವ ಮಾಮೂಲಿ ನಿಯಂತ್ರಕ ಪಿಐಡಿ ಯಾಕೆ ಸೋತಿತು ಅನ್ನುವಲ್ಲೇ ಇಡೀ ವಿಷಯ ಇದೆ. ಮಿಲ್ಲಿನ ಒಳಗೆ ಮಾಲು ಹೆಚ್ಚಿದಂತೆ ಪವರ್ ಏರುತ್ತದೆ, ಒಂದು ತುದಿ ಮುಟ್ಟುತ್ತದೆ, ಆಮೇಲೆ ಮಾಲು ಇನ್ನೂ ಹೆಚ್ಚಿದರೆ ಇಳಿಯುತ್ತದೆ. ಹಾಗಾಗಿ 1,560 ಕಿಲೋವ್ಯಾಟ್ ಅನ್ನುವ ಒಂದೇ ಅಂಕಿಗೆ ಎರಡು ಅರ್ಥ: ಮಿಲ್ ಹಸಿದಿದೆ, ಇಲ್ಲವೇ ಹೊಟ್ಟೆ ಬಿರಿಯುವಷ್ಟು ತುಂಬಿದೆ. ಪವರ್ ಇಳಿಯಿತೆಂದು ಪಿಐಡಿ ಫೀಡ್ ಏರಿಸುತ್ತದೆ. ತುದಿಯ ಆಚೆ ಬದಿಯಲ್ಲಿದ್ದಾಗ ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಗೇನ್ (ಎಷ್ಟು ಜೋರಾಗಿ ಸ್ಪಂದಿಸಬೇಕೆಂಬ ಅಂಕಿ) ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ಮಿಲ್ಲಿನ ಗೇನಿನ ಚಿಹ್ನೆಯೇ ತಿರುಗಿರುತ್ತದೆ, ಫೀಡ್ ಏರಿಸಿದರೆ ಪವರ್ ಇಳಿಯುತ್ತದೆ. ಎಲಿವೇಟರ್ ಮೋಟರಿನ ಆಂಪ್ಸ್ (ಅದು ಎಳೆಯುವ ಕರೆಂಟ್) ಹಿಡಿದು ನಿಯಂತ್ರಣದ ಲೂಪ್ ಕಟ್ಟಿದರೂ ಅದೇ ಪಾಡು. ಮಾಲು ಒಳಗೇ ಸಿಕ್ಕಿಕೊಂಡಾಗ ಎಲಿವೇಟರ್ ಹಗುರವಾಗುತ್ತದೆ, ಲೂಪ್ ಅದನ್ನು ಹಸಿವೆಂದು ಓದುತ್ತದೆ.

ಹಾಗಾಗಿ ‘ಫೀಡ್ ಎಷ್ಟಿರಬೇಕು’ ಎಂಬ ಪ್ರಶ್ನೆಯನ್ನು ಮೊದಲು ಕೇಳುವುದನ್ನೇ ಬಿಟ್ಟೆ. ಮಿಲ್ ತುದಿಯ ಯಾವ ಬದಿಯಲ್ಲಿದೆ ಎಂಬುದು ಮೊದಲು ತೀರ್ಮಾನವಾಗಬೇಕು, ಕ್ರಮ ಆಮೇಲೆ. ಕಂಪ್ಯೂಟರ್ ಪಾಲಿಸುವ ‘ಹೀಗಿದ್ದರೆ ಹೀಗೆ ಮಾಡು’ ಎಂಬ ನಿಯಮಗಳನ್ನೂ ಹಾಗೆಯೇ ಎರಡು ಪದರ ಮಾಡಿದೆ. ಸ್ಥಿತಿ ಗುರುತಿಸುವ ನಿಯಮ ಫೀಡನ್ನು ಮುಟ್ಟುವುದಿಲ್ಲ, ಫೀಡ್ ಬದಲಿಸುವ ನಿಯಮ ಸೆನ್ಸರನ್ನು ನೋಡುವುದಿಲ್ಲ.

ಗುರುತಿಸುವ ನಿಯಮಗಳ ತಿರುಳು ಇಷ್ಟು. ಮೊದಲ ಚೇಂಬರಿನ ಶಬ್ದ ಇಳಿಮುಖ, ಪವರ್ ಏರುಮುಖ: ತುಂಬುತ್ತಿದೆ, ಇನ್ನೂ ಈಚೆ ಬದಿ. ಶಬ್ದ ಇಳಿಮುಖ, ಪವರ್ ಇಳಿಮುಖ, ಎಲಿವೇಟರ್ ಏರುತ್ತಿಲ್ಲ: ತುದಿ ದಾಟಿದೆ. ಮೊದಲ ಚೇಂಬರ್ ಮೂಕ, ಎರಡನೆಯದು ಗಲಗಲ, ಎಲಿವೇಟರ್ ಹಗುರ: ಎರಡು ಚೇಂಬರ್‌ಗಳ ನಡುವಿನ ಕಂಡಿಗೋಡೆ, ಅಂದರೆ ಡಯಾಫ್ರಮ್‌ನ ಕಂಡಿ ಕಟ್ಟಿದೆ. ಶಬ್ದ ಏರುಮುಖ, ಪವರ್ ಇಳಿಮುಖ: ನಿಜವಾಗಿ ಖಾಲಿಯಾಗುತ್ತಿದೆ, ಮೊದಲು ವೇ ಫೀಡರ್ (ಮಾಲು ತೂಗಿ ಕೊಡುವ ಯಂತ್ರ) ನೋಡಿ. ಏರುಮುಖ ಇಳಿಮುಖ ಎಂದರೆ ಎರಡು ಬೇರೆ ಅವಧಿಯ ಸರಾಸರಿಗಳ ವ್ಯತ್ಯಾಸ. ಆ ಅವಧಿಗಳನ್ನೂ ಶಬ್ದದ ಯಾವ ಬ್ಯಾಂಡನ್ನು (ಆವರ್ತನದ ಪಟ್ಟಿಯನ್ನು) ಯಾವುದರಿಂದ ಭಾಗಿಸುತ್ತೇನೆ ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಮೂರು ತಿಂಗಳು ಬೆವರು ಸುರಿಸಿ ಸಿಕ್ಕ ಸಂಗತಿ ಅದು.

ತುದಿ ದಾಟಿದೆ ಎಂದು ಗೊತ್ತಾದ ಕೂಡಲೇ ಹೊಸ ಫೀಡ್ 8 ಶೇಕಡ ಕಡಿತ. ನಾಲ್ಕು ನಿಮಿಷದಲ್ಲಿ ಶಬ್ದ ತಿರುಗದಿದ್ದರೆ 30 ಶೇಕಡ. ಆಗಲೂ ಇಲ್ಲವಾದರೆ ಎರಡು ಮೂರು ನಿಮಿಷ ಫೀಡ್ ಪೂರ್ತಿ ಬಂದ್. ಆದರೆ ನಿಜವಾದ ಅಪಾಯ ಮಿಲ್ ಬಿಟ್ಟುಕೊಂಡಾಗ ಬರುತ್ತದೆ. ಒಳಗೆ ಕೂಡಿಟ್ಟ ಮಾಲೆಲ್ಲ ಒಂದೇ ಉಬ್ಬರದಲ್ಲಿ ಹೊರಬಂದು ಎಲಿವೇಟರ್ 62 ಆಂಪಿಯರಿನಿಂದ 80ಕ್ಕೆ ಜಿಗಿಯುತ್ತದೆ, ಹತ್ತು ಹನ್ನೆರಡು ನಿಮಿಷದ ಬಳಿಕ ರಿಜೆಕ್ಟ್ ಆಗಿ ಮಿಲ್ಲಿನ ಬಾಯಿಗೇ ಮರಳುತ್ತದೆ. ಆ ಹೊತ್ತಿಗೆ ಫೀಡ್ ಹಳೆಯ ಅಂಕಿಗೆ ಬಂದಿದ್ದರೆ ಮತ್ತೆ ಜಾಮ್. ಮೊದಲ ಎರಡು ತಿಂಗಳಲ್ಲಿ ಆದ ಜಾಮ್‌ಗಳಲ್ಲಿ ಅರ್ಧದಷ್ಟು ಹೀಗೇ ಆದವು. ಈಗ ಚೇತರಿಕೆ ಹಳೆಯ ಫೀಡಿನ 90 ಶೇಕಡದಿಂದ ಶುರು, ನಾಲ್ಕು ನಿಮಿಷಕ್ಕೆ ಅರ್ಧ ಟನ್ ಏರಿಕೆ, ರಿಜೆಕ್ಟ್ ಉಬ್ಬರ ದಾಟುವವರೆಗೆ ಆ ಏರಿಕೆಯೂ ಇಲ್ಲ.

ಆಪರೇಟರ್‌ಗಳಿಂದ ನಿಯಮ ತೆಗೆಯುವಾಗ ‘ಏನು ಮಾಡ್ತೀರಿ’ ಎಂದು ಕೇಳಿ ಸುಮಾರು 140 ನಿಯಮ ಬರೆದೆ. ಅವು ಒಂದಕ್ಕೊಂದು ಡಿಕ್ಕಿ ಹೊಡೆದು ಫೀಡ್ ಪ್ರತಿ ನಿಮಿಷ ಮೇಲೆ ಕೆಳಗೆ ಕುಣಿಯಿತು. ಡಿಕ್ಕಿ ತಪ್ಪಿಸಲು ಸೇಲಿಯನ್ಸ್ ಅಂಕಿ (ಯಾವ ನಿಯಮ ಮೊದಲು ಎಂಬ ಆದ್ಯತೆ) ಕೊಡುತ್ತ ಹೋದದ್ದು ಇನ್ನೂ ದೊಡ್ಡ ತಪ್ಪು. ನಿಯಮದ ವೇಷದಲ್ಲಿ ಹಳೆಯ ಇಫ್-ಎಲ್ಸ್ ಸರಪಳಿಯನ್ನೇ ಮತ್ತೆ ಕಟ್ಟಿದಂತಾಯಿತು. ಟ್ರೆಂಡ್ ದಾಖಲೆ ತೆಗೆದು ನೋಡಿದರೆ ‘ಶಬ್ದ ಕೇಳಿ ಫೀಡ್ ಇಳಿಸ್ತೀವಿ’ ಎಂದವರು ಬಹುಪಾಲು ಸಲ ಎಲಿವೇಟರ್ ಆಂಪ್ಸ್ ಕದಲಿದ ಮೇಲೆಯೇ ಕೈ ಹಾಕಿದ್ದರು. ಕೆಲಸಕ್ಕೆ ಬಂದ ಪ್ರಶ್ನೆ ಬೇರೆ: ‘ಯಾವಾಗ ಏನೂ ಮಾಡದೆ ಸುಮ್ಮನಿರ್ತೀರಿ?’ ಕಾಯುವ ನಿಯಮಗಳು ಬಂದದ್ದು ಅದರಿಂದ. ಫೀಡ್ ಬದಲಾವಣೆ ಮೊದಲ ಚೇಂಬರಿನ ಶಬ್ದದಲ್ಲಿ ಕಾಣಲು ಒಂದೆರಡು ನಿಮಿಷ, ಎಲಿವೇಟರಿನಲ್ಲಿ ಕಾಣಲು ಆರೇಳು ನಿಮಿಷ ಬೇಕು. ಅಷ್ಟು ಹೊತ್ತು ಅದೇ ದಿಕ್ಕಿನ ಎರಡನೇ ಕ್ರಮಕ್ಕೆ ತಡೆ ಹಾಕಿದ ಮೇಲೆ 140ರಲ್ಲಿ 41 ಉಳಿದವು.

ನಿಯಮ ನಡೆಸುವುದು ಕ್ಲಿಪ್ಸ್. ನಾಸಾದ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ 1985ರಲ್ಲಿ ಹುಟ್ಟಿದ ಸಾಫ್ಟ್‌ವೇರ್ ಉಪಕರಣ, ಇವತ್ತಿಗೂ ಉಚಿತ. ಫ್ಯಾನ್ ಇಲ್ಲದ ಚಿಕ್ಕ ಪಿಸಿಯಲ್ಲಿ ಹತ್ತು ಸೆಕೆಂಡಿಗೊಂದು ಸುತ್ತು. ಶುರುವಿನಲ್ಲಿ ಪ್ರತಿ ರೀಡಿಂಗನ್ನೂ ಸಮಯದ ಮುದ್ರೆ ಹಾಕಿ ಹೊಸ ಫ್ಯಾಕ್ಟ್ (ಕ್ಲಿಪ್ಸ್ ನೆನಪಿಡುವ ಒಂದು ಮಾಹಿತಿ) ಆಗಿ ಸೇರಿಸುತ್ತಿದ್ದೆ. ಸಮಯ ಬೇರೆ ಬೇರೆಯಾದ್ದರಿಂದ ಯಾವುದೂ ನಕಲೆನಿಸಲಿಲ್ಲ, ಹಳೆಯದು ಅಳಿಯಲೂ ಇಲ್ಲ. ನಾಲ್ಕು ದಿನದಲ್ಲಿ ಒಂದು ಸುತ್ತಿಗೆ ಒಂಬತ್ತು ಸೆಕೆಂಡ್ ಹಿಡಿಯಿತು. ಈಗ ಒಂದು ಅಳತೆಗೆ ಒಂದೇ ಫ್ಯಾಕ್ಟ್, ಅದನ್ನೇ ಮಾಡಿಫೈ ಮಾಡುವುದು. ಸರಾಸರಿ ಮತ್ತು ಇಳಿಜಾರಿನ ಲೆಕ್ಕವೆಲ್ಲ ಕ್ಲಿಪ್ಸ್‌ನ ಹೊರಗೆ.

ಯಂತ್ರಗಳನ್ನು ನೇರವಾಗಿ ನಡೆಸುವ ಕೈಗಾರಿಕಾ ಕಂಪ್ಯೂಟರ್ ಆದ ಪಿಎಲ್‌ಸಿ ಜೊತೆ ಮಾತು ಮಾಡ್‌ಬಸ್ ಎಂಬ ಸಂವಹನ ಪದ್ಧತಿಯಲ್ಲಿ. ಕೈಪಿಡಿಯ 40001 ಎಂಬ ವಿಳಾಸ ತಂತಿಯ ಮೇಲೆ ಸೊನ್ನೆ ಎಂಬುದು ಎಲ್ಲರಿಗೂ ಗೊತ್ತು. ನಮಗೆ ಏಟು ಕೊಟ್ಟದ್ದು ಫ್ಲೋಟಿನ, ಅಂದರೆ ದಶಮಾಂಶ ಸಂಖ್ಯೆಯ, ಪದಕ್ರಮ (16 ಬಿಟ್‌ನ ಎರಡು ತುಂಡುಗಳ ಕ್ರಮ). 52.0 ಎಂದರೆ ಹೆಕ್ಸ್‌ನಲ್ಲಿ 4250, 0000 ಎಂಬ ಎರಡು ಪದಗಳು. ಅವು ಅದಲುಬದಲಾದರೆ ಸಿಗುವುದು ಸೊನ್ನೆಗೆ ಅಂಟಿಕೊಂಡಷ್ಟು ಚಿಕ್ಕ ಸಂಖ್ಯೆ. ವೇ ಫೀಡರ್ ಅದನ್ನು ಸೊನ್ನೆ ಎಂದೇ ಓದಿ ನಿಂತುಬಿಟ್ಟಿತು. ಅಂದಿನಿಂದ ಫ್ಲೋಟ್ ಕಳಿಸುವುದಿಲ್ಲ, ಹತ್ತರಿಂದ ಗುಣಿಸಿ 520 ಎಂಬ ಪೂರ್ಣಾಂಕ ಕಳಿಸುತ್ತೇನೆ. ಗರಿಷ್ಠ, ಕನಿಷ್ಠ, ಏರಿಕೆಯ ವೇಗದ ಮಿತಿ ಎಲ್ಲವೂ ಪಿಎಲ್‌ಸಿ ಒಳಗೇ ಇವೆ. ಪಿಸಿ ತಾನು ಓಡುತ್ತಿದ್ದೇನೆಂದು ತೋರಿಸಲು ಕಳಿಸುವ ಎಣಿಕೆ 30 ಸೆಕೆಂಡ್ ಬದಲಾಗದಿದ್ದರೆ ಪಿಎಲ್‌ಸಿ ಕೊನೆಯ ಫೀಡನ್ನೇ ಹಿಡಿದು ಗಂಟೆ ಬಾರಿಸಿ ಆಪರೇಟರಿಗೆ ಒಪ್ಪಿಸುತ್ತದೆ.

ಹಣ ಹೋದದ್ದು ಸೆನ್ಸರಿಗೆ. ಸಿದ್ಧ ಪ್ಯಾಕೇಜಿಗೆ ಬಂದ ಕೊಟೇಶನ್ನಿನ ಹತ್ತರಲ್ಲೊಂದು ಭಾಗದಲ್ಲಿ ಎಲ್ಲ ಮುಗಿಯಿತು, ಅದರಲ್ಲಿ ಅರ್ಧ ಮೈಕ್ರೋಫೋನು ಮತ್ತು ಕೇಬಲ್ಲಿಗೆ. ದುಬಾರಿ ಮೈಕ್ರೋಫೋನುಗಳು ಎರಡು, ಧೂಳು ಕುಡಿದು ಮೂರು ಮೂರು ವಾರಕ್ಕೆ ಸತ್ತವು. ಆ ದುಡ್ಡು ಪೂರ್ತಿ ನೀರಿನಲ್ಲಿ ಹೋಮ. ಈಗಿರುವುದು ಅಗ್ಗದ್ದು. ಒಳಗೆ ಫೋಮ್ ಒತ್ತಿದ ಪೈಪಿನಲ್ಲಿ ಕೂತು, ಗುಂಡುಗಳು ಬೀಳುವ ಬದಿಯಲ್ಲಿ, ಮಿಲ್ಲಿನ ಹೊರಕವಚವಾದ ಶೆಲ್ಲಿನಿಂದ ಒಂದು ಗೇಣು ದೂರದಲ್ಲಿದೆ. ಧೂಳು ಊದಲು ಗಾಳಿಯನ್ನು ಸದಾ ಬಿಟ್ಟಾಗ ಅದರ ಸಿಳ್ಳೆಯೇ ನಮ್ಮ ಬ್ಯಾಂಡಿಗೆ ಬಿತ್ತು. ಅರ್ಧ ಗಂಟೆಗೊಮ್ಮೆ ಐದು ಸೆಕೆಂಡ್ ಮಾತ್ರ ಊದಿ, ಆ ಹೊತ್ತು ಹಳೆಯ ರೀಡಿಂಗ್ ಹಿಡಿದಿಟ್ಟರೆ ತೊಂದರೆಯಿಲ್ಲ. ಮೈಕ್ ಕೇಬಲ್ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಸಾಧನ) ಕೇಬಲ್ಲಿನ ಟ್ರೇಯಲ್ಲೇ ಇದ್ದುದರಿಂದ ಮೊದಲ ವಾರದ ದತ್ತಾಂಶವೆಲ್ಲ ಕಸ.

ಮೇಲೆ ಹೇಳಿದ ಆ ಒಂದು ಜಾಮ್ ಆದದ್ದು ಸಡಿಲಗೊಂಡ ಲೈನರ್ (ಮಿಲ್ಲಿನ ಒಳಗೋಡೆಯ ಫಲಕ) ಬೋಲ್ಟಿನಿಂದ. ಬೋಲ್ಟ್ ಬಡಿದುಕೊಳ್ಳುವ ಸದ್ದಿಗೆ ಶಬ್ದದ ಅಂಕಿ ಏರಿತು, ಮಿಲ್ ಖಾಲಿ ಎಂದು ನಿಯಮ ಫೀಡ್ ಏರಿಸುತ್ತಲೇ ಹೋಯಿತು. ಈಗ ಫೀಡ್ ಏರಿಸಲು ಎರಡು ಸಾಕ್ಷಿ ಬೇಕು, ಇಳಿಸಲು ಒಂದು ಸಾಕು. ಜೊತೆಗೆ, ಮಿಲ್ಲಿನ ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ ಬರುವ ಟಕ್ ಶಬ್ದ ಕಂಡರೆ ಅದು ಫೀಡಿನ ವಿಷಯವಲ್ಲ, ಬೋಲ್ಟಿನ ಅಲಾರಂ. ಹೀಗೆ ಸಿಕ್ಕ ಬೋಲ್ಟುಗಳು ಈವರೆಗೆ ಮೂರು.

ನಡುವೆ ಮಾಡಿ ನೋಡಿದವು: ಬೇರಿಂಗ್ ಹೌಸಿಂಗಿಗೆ ಕಂಪನ ಅಳೆಯುವ ಆಕ್ಸೆಲರೋಮೀಟರ್ ಅಂಟಿಸಿದರೆ ಗೇರ್ ಹಲ್ಲುಗಳ ಸದ್ದೇ ಎಲ್ಲವನ್ನೂ ನುಂಗಿತು. ಫಜಿ ಮಟ್ಟಗಳನ್ನು (‘ಕಡಿಮೆ’, ‘ಹೆಚ್ಚು’ ಎಂಬಂಥ ಸಡಿಲ ವರ್ಗಗಳನ್ನು) ಏಳರಿಂದ ಮೂರಕ್ಕೆ ಇಳಿಸಿದರೂ ಫಲಿತಾಂಶ ಹದಗೆಡಲಿಲ್ಲ, ತಿದ್ದುವುದು ಸುಲಭವಾಯಿತು. ಆರು ತಿಂಗಳ ದತ್ತಾಂಶಕ್ಕೆ ನ್ಯೂರಲ್ ನೆಟ್‌ವರ್ಕ್ ತರಬೇತಿ ಕೊಟ್ಟಾಗ ಮಾಮೂಲಿ ಓಟವನ್ನು ಚೆನ್ನಾಗಿ ಊಹಿಸಿತು. ಆದರೆ ಜಾಮ್‌ನ ಉದಾಹರಣೆಗಳು ಇದ್ದದ್ದೇ ಇಪ್ಪತ್ತರಷ್ಟು, ಬೇಕಾದ ಹೊತ್ತಿಗೇ ಅದು ಕೈಕೊಟ್ಟಿತು. ಸೆಪರೇಟರ್ ವೇಗವನ್ನು ಇನ್ನೂ ನಿಯಮಕ್ಕೆ ಒಪ್ಪಿಸಿಲ್ಲ. ಬ್ಲೇನ್ ಅಂಕಿ (ಸಿಮೆಂಟಿನ ನುಣುಪಿನ ಅಳತೆ) ಪ್ರಯೋಗಾಲಯದಿಂದ ಗಂಟೆಗೊಮ್ಮೆ ಬರುವವರೆಗೆ ಅಲ್ಲಿ ಸಲಹೆ ಮಾತ್ರ. ಹೊಸ ಗುಂಡು ಹಾಕಿದ ದಿನ ಶಬ್ದದ ತಳಮಟ್ಟ ಬದಲಾಗುತ್ತದೆ. ಸದ್ಯಕ್ಕೆ ಆ ಪಾಳಿ ಮ್ಯಾನುಯಲ್‌ನಲ್ಲೇ ಓಡುತ್ತದೆ, ತಳಮಟ್ಟವನ್ನು ತಾನೇ ಕಲಿಯುವ 42ನೇ ನಿಯಮ ಪರೀಕ್ಷೆಯಲ್ಲಿದೆ.