ಬ್ರಹ್ಮ, ಜರ್ಸಿ ಜೈಂಟ್: ಮೊಟ್ಟೆಯಿಂದ ಹುಂಜದವರೆಗೆ

ಮೊದಲ ಸಲ ನಾನು ಕಾವಿಗಿಟ್ಟದ್ದು 24 ಮೊಟ್ಟೆ. 12 ಬ್ರಹ್ಮ, 12 ಜರ್ಸಿ ಜೈಂಟ್. ಎರಡೂ ದೊಡ್ಡ ಗಾತ್ರದ ಕೋಳಿ ತಳಿಗಳು, ಮೊಟ್ಟೆಗಳನ್ನು ದೂರದಿಂದ ತರಿಸಿದ್ದೆ. ಬಂದ ಕೂಡಲೇ ಇನ್‌ಕ್ಯುಬೇಟರ್‌ಗೆ ಹಾಕುವ ಆಸೆಯನ್ನು ತಡೆದುಕೊಂಡು, ಚೂಪು ತುದಿ ಕೆಳಗಿರುವಂತೆ ಒಂದು ಇಡೀ ದಿನ ಹೊರಗೇ ಬಿಟ್ಟೆ. ದಾರಿಯಲ್ಲಿ ಕುಲುಕಿದ ಮೊಟ್ಟೆಯ ಗಾಳಿಕೋಶ (ದಪ್ಪ ತುದಿಯೊಳಗಿನ ಗಾಳಿಯ ಜಾಗ) ಸಡಿಲವಾಗಿರುತ್ತದೆ, ಅದು ನೆಲೆಗೆ ಬರಲು ಹೊತ್ತು ಬೇಕು. ಟಾರ್ಚ್ ಹಿಡಿದು ನೋಡಿದರೆ ಮೂರು ಮೊಟ್ಟೆಗಳಲ್ಲಿ ಗಾಳಿಗುಳ್ಳೆ ಅತ್ತಿಂದಿತ್ತ ಓಡಾಡುತ್ತಿತ್ತು. ಪೆನ್ಸಿಲ್‌ನಿಂದ ಗುರುತು ಹಾಕಿಟ್ಟೆ. ಆ ಮೂರರಲ್ಲಿ ಒಂದೂ ಮರಿಯಾಗಲಿಲ್ಲ.

ಫ್ಯಾನ್ ಇರುವ ಯಂತ್ರವಾದ್ದರಿಂದ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್. ದಿನಕ್ಕೆ ಐದು ಸಲ ಮೊಟ್ಟೆ ತಿರುಗಿಸುತ್ತಿದ್ದೆ. ಬೆಸ ಸಂಖ್ಯೆಯಾದರೆ ರಾತ್ರಿಯ ದೀರ್ಘ ಹೊತ್ತು ಒಂದೇ ಮಗ್ಗುಲಿಗೆ ಬೀಳುವುದಿಲ್ಲ. ಏಳನೇ ದಿನ ಐದು ಮೊಟ್ಟೆ ಖಾಲಿ ಎಂದು ಗೊತ್ತಾಯಿತು, ಹದಿನಾಲ್ಕನೇ ದಿನ ಇನ್ನೆರಡು ಹೋಗಿದ್ದವು. ಹದಿನೆಂಟನೇ ದಿನ ತಿರುಗಿಸುವುದನ್ನು ನಿಲ್ಲಿಸಿದಾಗ ಉಳಿದದ್ದು 17.

ನಾನು ತಪ್ಪಿದ್ದು ತೇವಾಂಶದಲ್ಲಿ. ದೊಡ್ಡ ತಳಿಗೆ ಹೆಚ್ಚು ತೇವ ಬೇಕೆಂದುಕೊಂಡು ಮೊದಲ ದಿನದಿಂದಲೇ ನೀರು ತುಂಬಿಸುತ್ತಾ ಬಂದಿದ್ದೆ. 17ರಲ್ಲಿ 13 ಮರಿಗಳಾದವು. ಉಳಿದ ನಾಲ್ಕನ್ನು ಒಡೆದು ನೋಡಿದೆ: ಪೂರ್ತಿ ಬೆಳೆದ ಮರಿಗಳು, ಮೈಯೆಲ್ಲ ಒದ್ದೆ, ಗಾಳಿಕೋಶ ತೀರಾ ಚಿಕ್ಕದು. ಉಸಿರಿಗೆ ಜಾಗವಿಲ್ಲದೆ ಚಿಪ್ಪಿನೊಳಗೇ ಸತ್ತಿದ್ದವು. ಅದನ್ನು ನೋಡಿದ ದಿನ ಬಹಳ ನೊಂದೆ. ಎರಡನೇ ಬ್ಯಾಚ್‌ನಿಂದ ಮೊಟ್ಟೆಗಳನ್ನು ತೂಗಲು ಶುರು ಮಾಡಿದೆ. ಹದಿನೆಂಟನೇ ದಿನದೊಳಗೆ ಒಳಗಿನ ನೀರು ಆರಿ ಮೊಟ್ಟೆ ತನ್ನ ತೂಕದಲ್ಲಿ ಸುಮಾರು 12-13 ಶೇಕಡಾ ಕಳೆದುಕೊಳ್ಳಬೇಕು, ಆಗಲೇ ಗಾಳಿಕೋಶ ದೊಡ್ಡದಾಗುತ್ತದೆ. ಕಡಿಮೆ ಇಳಿದರೆ ತೇವ ತಗ್ಗಿಸುತ್ತೇನೆ, ಹೆಚ್ಚು ಇಳಿದರೆ ನೀರು ಹಾಕುತ್ತೇನೆ. ಮೀಟರ್ ತೋರಿಸುವ ಅಂಕಿಗಿಂತ ಈ ತಕ್ಕಡಿಯ ಮೇಲೆಯೇ ನನಗೆ ಹೆಚ್ಚು ನಂಬಿಕೆ. ಕೊನೆಯ ಮೂರು ದಿನ ಮಾತ್ರ ತೇವಾಂಶವನ್ನು ಶೇಕಡಾ 65-70ಕ್ಕೆ ಏರಿಸಿ, ಮುಚ್ಚಳ ಮುಟ್ಟುವುದಿಲ್ಲ.

ಇಪ್ಪತ್ತೊಂದನೇ ದಿನಕ್ಕೆ ಎಲ್ಲವೂ ಮುಗಿಯುತ್ತದೆ ಎಂದು ಕಾಯುವವರಿಗೆ ಒಂದು ಮಾತು: ನನ್ನ ಜರ್ಸಿ ಜೈಂಟ್‌ಗಳು ಚಿಪ್ಪಿಗೆ ತೂತು ಹಾಕಿದ್ದೇ 22ನೇ ದಿನ ಸಂಜೆ. ತೂತು ಬಿದ್ದ ಮೇಲೂ ಮರಿ ಹೊರಬರಲು ಒಂದು ದಿನದಷ್ಟು ಹೊತ್ತು ಹಿಡಿಯಬಹುದು. ಆ ಹೊತ್ತಿನಲ್ಲಿ ಅದು ರಕ್ತನಾಳಗಳ ರಕ್ತವನ್ನೂ ಉಳಿದ ಹಳದಿಯನ್ನೂ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಅವಸರದಲ್ಲಿ ಚಿಪ್ಪು ಬಿಡಿಸಿದರೆ ರಕ್ತ ಸೋರುತ್ತದೆ.

ಬ್ರೂಡರ್ (ಮರಿಗಳನ್ನು ಬೆಚ್ಚಗಿಡುವ ಗೂಡು) ಬೇರೆ ಕೋಳಿಗಳಿಗೆ ಮಾಡುವಂತೆಯೇ: ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಕೆ.

ಎಂಟನೇ ವಾರದ ಹೊತ್ತಿಗೆ ನನಗೆ ದಿಗಿಲು ಹತ್ತಿತು. ಬ್ರಾಯ್ಲರ್ ಆಗಿದ್ದರೆ ಆರು ವಾರಕ್ಕೇ ಮಾರುವ ತೂಕಕ್ಕೆ ಬಂದಿರುತ್ತಿತ್ತು. ಇವು ಉದ್ದ ಕಾಲು, ಬಡಕಲು ಎದೆ, ಬರೀ ಎಲುಬು. ರೋಗವೇನೋ ಎಂದುಕೊಂಡು ಬ್ರಾಯ್ಲರ್ ಆಹಾರವನ್ನೇ ಸುರಿದೆ. ಮೂರೇ ವಾರದಲ್ಲಿ ಎರಡು ಹುಂಜಗಳು ಕುಂಟತೊಡಗಿದವು, ಒಂದರ ಕಾಲು ಹೊರಕ್ಕೆ ಬಾಗಿತು. ಈ ತಳಿಗಳು ಮೊದಲು ಚೌಕಟ್ಟು ಕಟ್ಟಿಕೊಳ್ಳುತ್ತವೆ, ಮಾಂಸ ಆಮೇಲೆ. ಎಲುಬು ಗಟ್ಟಿಯಾಗುವ ಮುನ್ನ ಮೈ ತೂಕ ಏರಿಸಿದರೆ ಭಾರ ಹೊರಲು ಕಾಲಿಗೆ ಆಗುವುದಿಲ್ಲ. ಆಹಾರ ಬದಲಿಸಿ, ದಿನವಿಡೀ ಓಡಾಡಲು ಬಿಟ್ಟ ಮೇಲೆ ಒಂದು ಹುಂಜ ಚೇತರಿಸಿಕೊಂಡಿತು. ಬಾಗಿದ ಕಾಲು ನೆಟ್ಟಗಾಗಲಿಲ್ಲ.

ಜರ್ಸಿ ಜೈಂಟ್ ಅನ್ನು 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ನ್ಯೂಜರ್ಸಿಯಲ್ಲಿ ಬ್ಲ್ಯಾಕ್ ಸಹೋದರರು ಜಾವಾ, ಲ್ಯಾಂಗ್‌ಶಾನ್, ಬ್ರಹ್ಮ ತಳಿಗಳನ್ನು ಬೆರೆಸಿ ರೂಪಿಸಿದರು. ಆ ಬೆರಕೆಯಲ್ಲಿ ಗಾತ್ರ ಬಂತು, ಬೇಗ ಬೆಳೆಯುವ ಗುಣ ಬರಲಿಲ್ಲ. ಬಲಿತ ಹುಂಜದ ಪ್ರಮಾಣಿತ ತೂಕ ಸುಮಾರು 5.9 ಕೆ.ಜಿ. ನನ್ನ ಹುಂಜ ಎಂಟು ತಿಂಗಳಿಗೆ 4.3 ಕೆ.ಜಿ. ಇತ್ತು, ಹದಿನಾಲ್ಕಕ್ಕೆ 5.4.

ಇಷ್ಟು ಭಾರದ ಕೋಳಿ ಎತ್ತರದಿಂದ ಹಾರಿದರೆ ಅಂಗಾಲಿಗೆ ಪೆಟ್ಟಾಗಿ ಕೀವು ಕಟ್ಟುತ್ತದೆ. ಹಾಗಾಗಿ ರಾತ್ರಿ ಕೂರುವ ಅಡ್ಡಗೋಲನ್ನು ನೆಲದಿಂದ 30 ಸೆಂ.ಮೀ. ಎತ್ತರಕ್ಕೆ ಇಳಿಸಿದ್ದೇನೆ. ಬ್ರಹ್ಮದ ಕಾಲ್ಬೆರಳವರೆಗೂ ಗರಿ ಇರುವುದರಿಂದ ಕೆಸರು ಅಂಟಿ ಒಣಗಿ ಉಂಡೆಯಾಗುತ್ತದೆ, ನೆಲಕ್ಕೆ ಹಾಸಿದ ಹೊಟ್ಟು ಸದಾ ಒಣಗಿರಬೇಕು. ಇನ್ನೊಂದು: ಮೊಟ್ಟೆ ಇಡುವ ವಯಸ್ಸಿಗೆ ಮುಂಚೆ ಲೇಯರ್ ಆಹಾರ (ಮೊಟ್ಟೆ ಇಡುವ ಕೋಳಿಗಳಿಗೆಂದು ಮಾಡಿದ್ದು) ಕೊಡಬೇಡಿ. ಅದರಲ್ಲಿರುವ ಕ್ಯಾಲ್ಸಿಯಂ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಈ ತಳಿಗಳಲ್ಲಿ ಆ ವಯಸ್ಸು ತಡವಾಗಿ ಬರುತ್ತದೆ. ನನ್ನ ಬ್ರಹ್ಮ ಹೇಟೆ ಮೊದಲ ಮೊಟ್ಟೆ ಇಟ್ಟದ್ದು ಏಳು ತಿಂಗಳಿಗೆ, ಜರ್ಸಿ ಜೈಂಟ್ ಎಂಟೂವರೆಗೆ.

ಈಗ ಆ ಬ್ರಹ್ಮ ಹೇಟೆಯೇ ಕಾವಿಗೆ ಕೂತಿದೆ. ಅದರ ಭಾರಕ್ಕೆ ಚಿಪ್ಪು ಒಡೆಯಬಾರದೆಂದು ಗೂಡಿನ ತಳಕ್ಕೆ ದಪ್ಪಗೆ ಹುಲ್ಲು ಹಾಸಿ ಒಂಬತ್ತು ಮೊಟ್ಟೆ ಇಟ್ಟಿದ್ದೇನೆ. ಇಂದಿಗೆ ಹನ್ನೊಂದನೇ ದಿನ. ಎಂಟರಲ್ಲಿ ರಕ್ತನಾಳ ಕಾಣಿಸುತ್ತಿದೆ.